ಸರ್ವರ್‌ಗೆ ಪುರುಸೊತ್ತಿದೆ, ಮಾತು ಮಾತ್ರ ಒಡೆಯುತ್ತಿದೆ

ಈ ಸಭೆಯಲ್ಲಿ ನನ್ನ ಮಾತನ್ನು ಒಂದು ಗ್ರಾಫ್‌ನಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯವರು ನನ್ನ ಮುಂದೆ ಹಿಡಿದ ಗ್ರಾಫ್ ಅದು. ಅವರ ಫೋನ್ ಸರ್ವರ್‌ನ, ಅಂದರೆ ನೆಟ್‌ವರ್ಕ್ ಮೂಲಕ ಹೋಗುವ ಕರೆಗಳನ್ನು ನಿಭಾಯಿಸುವ ಕಂಪ್ಯೂಟರಿನ, ಸಿಪಿಯು ಬಳಕೆಯ ಗೆರೆ. ಸೋಮವಾರ ಬೆಳಗ್ಗೆ 10 ಗಂಟೆಗೆ ಮೇಲೇರುತ್ತದೆ, ಶೇಕಡಾ 30 ಮುಟ್ಟುತ್ತದೆ, ಅಲ್ಲೇ ನಿಲ್ಲುತ್ತದೆ. ಅದೇ 10 ಗಂಟೆಗೆ ಕರೆಗಳಲ್ಲಿ ಮಾತು ಒಡೆಯಲು ಶುರುವಾಗುತ್ತದೆ. ‘ಹಲೋ... ಹ... ಕೇಳ್... ತಾ...’ ಅಂತ. ಮೊದಲು 4 ಕೋರ್‌ನ (ಸಿಪಿಯು ಒಳಗೆ ಬೇರೆ ಬೇರೆಯಾಗಿ ಕೆಲಸ ಮಾಡುವ ಭಾಗವೇ ಕೋರ್) ಮಷೀನ್ ಇತ್ತು, ಅದು ಸಾಲದು ಅಂತ 8 ಕೋರ್‌ನದು ತಂದಿದ್ದರು. ದುಡ್ಡು ಹೋಯಿತು, ಕರಕರ ಹೋಗಲಿಲ್ಲ. “ಸರ್, 70 ಪರ್ಸೆಂಟ್ ಖಾಲಿ ಕೂತಿದೆ. ಆದ್ರೂ ಯಾಕೆ ಹೀಗೆ?” ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಒಂದು ಮಧ್ಯಾಹ್ನ ಬೇಕಾಯಿತು. ನಿಮಗೆ ಅಷ್ಟು ಹೊತ್ತು ಬೇಡ. ಆದರೆ ಸ್ವಲ್ಪ ಲೆಕ್ಕ ಹಾಕಬೇಕು.

ವೆಬ್‌ಸೈಟ್ ಸರ್ವರ್ ನೋಡಿಕೊಂಡು ಬಂದವರಿಗೆ ಫೋನ್ ಸರ್ವರ್ ಮೊದಮೊದಲು ತಲೆಬುಡ ಗೊತ್ತಾಗುವುದಿಲ್ಲ. ನಾನೂ ಹಾಗೇ ಬಂದವನು. ವೆಬ್ ಪುಟ ಕಾಲು ಸೆಕೆಂಡು ತಡವಾದರೆ ಯಾರೂ ಗಮನಿಸುವುದಿಲ್ಲ. ಫೋನಿನಲ್ಲಿ ಅಷ್ಟು ಪುರುಸೊತ್ತು ಇಲ್ಲ. ಮಾತನ್ನು ಅಂಕಿಗಳಾಗಿ ಬದಲಿಸುವ ವಿಧಾನಕ್ಕೆ ಕೊಡೆಕ್ ಅನ್ನುತ್ತಾರೆ. ಜಿ.711 ಅನ್ನುವ ಹಳೇ ಕೊಡೆಕ್ ಗೊತ್ತಲ್ಲ, ಎಲ್ಲ ಕಡೆ ಸಲ್ಲುವಂಥದ್ದು. ಅದು ಮಾತನ್ನು ಸೆಕೆಂಡಿಗೆ 8000 ಸಲ ಅಳೆಯುತ್ತದೆ, ಪ್ರತಿ ಅಳತೆಗೆ 1 ಬೈಟ್. 20 ಮಿಲಿಸೆಕೆಂಡಿನ ಮಾತು ಅಂದರೆ 160 ಬೈಟ್. ಅದನ್ನು ಒಂದು ಆರ್‌ಟಿಪಿ (ಮಾತನ್ನು ಸಾಗಿಸುವ ನೆಟ್‌ವರ್ಕ್ ನಿಯಮ) ಪ್ಯಾಕೆಟ್ಟಿಗೆ ತುಂಬಿ ಕಳಿಸುತ್ತೇವೆ, ಮುಂದಿನ 20 ಮಿಲಿಸೆಕೆಂಡಿಗೆ ಇನ್ನೊಂದು. ಸೆಕೆಂಡಿಗೆ 50 ಪ್ಯಾಕೆಟ್. ಆ ಕಡೆಯ ಫೋನು ಎರಡು ಮೂರು ಪ್ಯಾಕೆಟ್ ಕೂಡಿಟ್ಟುಕೊಂಡು, ಒಂದೊಂದಾಗಿ ನುಡಿಸುತ್ತಾ ಹೋಗುತ್ತದೆ. ಆ ಕೂಡಿಟ್ಟದ್ದೇ ಜಿಟರ್ ಬಫರ್. ಅದು ಖಾಲಿಯಾದ ಮೇಲೆ ಬಂದ ಪ್ಯಾಕೆಟ್ಟು ಸೀದಾ ಕಸದ ಬುಟ್ಟಿಗೆ. ಬಸ್ಸು ಹೋದ ಮೇಲೆ ಕೈ ತೋರಿಸಿದ ಹಾಗೆ. ತಡವಾಗಿ ಬಂದದ್ದೂ ಒಂದೇ, ಬಾರದೇ ಇದ್ದದ್ದೂ ಒಂದೇ.

ಈಗ ಒಂದು ಕರೆ ಸರ್ವರ್ ಮೂಲಕ ಹೋಗುತ್ತಿದೆ ಅನ್ನಿ. ಈ ಕಡೆಯವರ ಮಾತು ಸೆಕೆಂಡಿಗೆ 50 ಪ್ಯಾಕೆಟ್ ಒಳಗೆ ಬರುತ್ತದೆ, ಆ ಕಡೆಯವರದ್ದು ಇನ್ನೊಂದು 50. ಒಳಗೆ ಬಂದ 100 ಹೊರಗೂ ಹೋಗಬೇಕು. ಅಂದರೆ ಒಂದು ಕರೆಗೆ ಸೆಕೆಂಡಿಗೆ 200 ಪ್ಯಾಕೆಟ್. 1000 ಕರೆಗೆ 2 ಲಕ್ಷ. ಇಷ್ಟಕ್ಕೆ ಬ್ಯಾಂಡ್‌ವಿಡ್ತ್ ಎಷ್ಟು ಬೇಕು ಗೊತ್ತಾ? 160 ಬೈಟ್ ಮಾತು, 40 ಬೈಟ್ ಹೆಡರ್ (ವಿಳಾಸ ಮುಂತಾದ ಮೇಲುಹೊದಿಕೆ), ಒಟ್ಟು 200 ಬೈಟ್. ಒಳಗೆ ಬರುವ 1 ಲಕ್ಷ ಪ್ಯಾಕೆಟ್ಟಿಗೆ 160 ಮೆಗಾಬಿಟ್, ಹೊರಗೆ ಹೋಗುವುದಕ್ಕೂ ಅಷ್ಟೇ. ಗಿಗಾಬಿಟ್ ಕಾರ್ಡ್‌ಗೆ ಅದು ಏನೇನೂ ಅಲ್ಲ. ಆದ್ದರಿಂದಲೇ ಬ್ಯಾಂಡ್‌ವಿಡ್ತ್ ಗ್ರಾಫ್ ನೋಡಿ ‘ಎಲ್ಲ ಚೆನ್ನಾಗಿದೆ’ ಅಂತ ಎದ್ದು ಹೋಗುವವರು ಜಾಸ್ತಿ. ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಪ್ಯಾಕೆಟ್ ದೊಡ್ಡದೋ ಚಿಕ್ಕದೋ ಅನ್ನುವುದು ದೊಡ್ಡ ವಿಷಯವಲ್ಲ, ಎಷ್ಟು ಪ್ಯಾಕೆಟ್ ಅನ್ನುವುದೇ ಕೆಲಸ. ಇದೇ ಕಾರಣಕ್ಕೆ ‘ಜಿ.729 ಹಾಕಿದರೆ ಲೋಡ್ ಕಡಿಮೆಯಾಗುತ್ತೆ’ ಅನ್ನುವ ಮಾತು ಅರ್ಧ ಸತ್ಯ. ಅದು ಮಾತನ್ನು ಹಿಂಡಿ ಚಿಕ್ಕದು ಮಾಡುವ ಇನ್ನೊಂದು ಕೊಡೆಕ್. ಅದರಲ್ಲಿ ಮಾತು 20 ಬೈಟ್, ಹೆಡರ್ ಅದೇ 40. ಕಾಯಿಗಿಂತ ಸಿಪ್ಪೆ ದೊಡ್ಡದು. ಪ್ಯಾಕೆಟ್ ಎಣಿಕೆ ಒಂದೂ ಇಳಿಯುವುದಿಲ್ಲ. ಎಣಿಕೆ ಇಳಿಯಬೇಕು ಅಂದರೆ 20 ಮಿಲಿಸೆಕೆಂಡಿನ ಬದಲು 40ರ ಪ್ಯಾಕೆಟ್ ಮಾಡಬೇಕು. ಎಣಿಕೆ ಅರ್ಧ ಆಗುತ್ತದೆ. ಆದರೆ ಮಾತು 20 ಮಿಲಿಸೆಕೆಂಡು ಹೆಚ್ಚು ತಡವಾಗುತ್ತದೆ, ಒಂದು ಪ್ಯಾಕೆಟ್ ಕಳೆದರೆ ತೂತೂ ದೊಡ್ಡದಾಗುತ್ತದೆ. ಬಾಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಇರಲಿ ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಶಿಫಾರಸು. ಅದರಲ್ಲಿ ಎಷ್ಟನ್ನು ಸರ್ವರ್ ತಿನ್ನಬಹುದು ಅಂತ ನೀವೇ ತೀರ್ಮಾನಿಸಬೇಕು.

ಸರಿ, ಆ ಗ್ರಾಫ್‌ಗೆ ಬರೋಣ. ಸರಾಸರಿ ಶೇಕಡಾ 30. ಅವರ ಮಷೀನಿನಲ್ಲಿ ಎಂಪಿಸ್ಟ್ಯಾಟ್ ಹಾಕಿ ಒಂದೊಂದೇ ಕೋರ್ ನೋಡಿದೆ. ಏಳು ಕೋರ್ ಶೇಕಡಾ 20ರ ಆಸುಪಾಸು. ಎಂಟನೆಯದು 100. ಸರಾಸರಿ ತೆಗೆದರೆ 30 ಬರುತ್ತದೆ, ಲೆಕ್ಕ ಸರಿಯಾಗಿಯೇ ಇದೆ! ತುಂಬಿ ತುಳುಕುತ್ತಿದ್ದ ಆ ಕೋರ್‌ನಲ್ಲಿ ಫೋನ್ ಸಾಫ್ಟ್‌ವೇರ್ ಹೆಸರೇ ಇರಲಿಲ್ಲ. ಎಲ್ಲ ‘ಸಾಫ್ಟ್ ಐಆರ್‌ಕ್ಯೂ’ ಅನ್ನುವ ಖಾತೆಯಲ್ಲಿ ಹೋಗುತ್ತಿತ್ತು. ಅಂದರೆ ನೆಟ್‌ವರ್ಕ್ ಕಾರ್ಡ್ ತಂದು ಸುರಿಯುವ ಪ್ಯಾಕೆಟ್‌ಗಳನ್ನು ಎತ್ತಿ ಒಳಗಿಡುವ ಕೂಲಿ ಕೆಲಸ. ಅದನ್ನೆಲ್ಲ ಒಂದೇ ಕೋರ್ ಮಾಡುತ್ತಿತ್ತು, ಉಳಿದ ಏಳು ನೋಡುತ್ತಾ ಕೂತಿದ್ದವು.

ಕಾರ್ಡ್‌ನಲ್ಲಿ ಪ್ಯಾಕೆಟ್ ಕಾಯುವ ಎಂಟು ಸಾಲು (ಕ್ಯೂ) ಇದ್ದವು, ಕೋರ್‌ಗೆ ಒಂದರಂತೆ. ಮತ್ತೆ ಯಾಕೆ ಒಂದೇ ಸಾಲು ತುಂಬಿತು? ಇದು ನನಗೆ ಬಹಳ ಇಷ್ಟವಾದ ತೊಡಕು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಂದ ಪ್ಯಾಕೆಟ್ಟು ಯಾವ ಸಾಲಿಗೆ ಹೋಗಬೇಕು ಅನ್ನುವುದನ್ನು ಕಾರ್ಡ್ ಒಂದು ಹ್ಯಾಶ್ ಲೆಕ್ಕದಿಂದ (ಅದೇ ಅಂಕಿ ಕೊಟ್ಟರೆ ಅದೇ ಉತ್ತರ ಬರುವ ಲೆಕ್ಕ) ತೀರ್ಮಾನಿಸುತ್ತದೆ. ಟಿಸಿಪಿ (ತಲುಪಿತೇ ಅಂತ ಖಚಿತ ಮಾಡಿಕೊಳ್ಳುವ ಸಾಗಣೆ) ಆದರೆ ಎರಡೂ ಕಡೆಯ ಐಪಿ ವಿಳಾಸ, ಎರಡೂ ಕಡೆಯ ಪೋರ್ಟ್ (ಮಷೀನಿನೊಳಗಿನ ಬಾಗಿಲಿನ ಸಂಖ್ಯೆ), ನಾಲ್ಕನ್ನೂ ಸೇರಿಸಿ ಲೆಕ್ಕ ಮಾಡುತ್ತದೆ. ಯುಡಿಪಿ (ಕಳಿಸಿ ಮರೆತುಬಿಡುವ ಸಾಗಣೆ, ಮಾತು ಹೋಗುವುದು ಇದರಲ್ಲೇ) ಆದರೆ, ಹಲವು ಕಾರ್ಡ್‌ಗಳಲ್ಲಿ, ಹೊಸದಾಗಿ ತಂದಾಗ ಐಪಿ ವಿಳಾಸ ಎರಡನ್ನು ಮಾತ್ರ ನೋಡುತ್ತದೆ. ಬೇರೆ ಬೇರೆ ಮನೆಗಳಿಂದ ಬರುವ ಟ್ರಾಫಿಕ್ ಆದರೆ ಅಷ್ಟು ಸಾಕು, ವಿಳಾಸಗಳೇ ಬೇರೆ ಬೇರೆ ಇರುತ್ತವೆ. ಈ ಕಂಪನಿಯಲ್ಲಿ ಎಲ್ಲ ಕರೆಯೂ, ಗ್ರಾಹಕರ ಕಡೆಯದೂ ಏಜೆಂಟ್‌ಗಳ ಕಡೆಯದೂ, ಮುಂದೆ ನಿಂತ ಒಂದೇ ಬಾರ್ಡರ್ ಸರ್ವರ್ ಮೂಲಕ ಬರುತ್ತಿತ್ತು. ಒಂದೇ ಐಪಿಯಿಂದ ಒಂದೇ ಐಪಿಗೆ. 1000 ಕರೆ ಇದ್ದರೂ ಹ್ಯಾಶ್ ಒಂದೇ, ಸಾಲೂ ಒಂದೇ. ಇನ್ನೂ ಎಂಟು ಕೋರ್ ತಂದಿದ್ದರೂ ಅಷ್ಟೇ ಆಗುತ್ತಿತ್ತು.

ಕಾರ್ಡ್‌ನ ಸೆಟ್ಟಿಂಗ್ ಬದಲಿಸುವ ಈಥ್‌ಟೂಲ್‌ನಲ್ಲಿ ಒಂದು ಚಿಕ್ಕ ಆಜ್ಞೆ ಕೊಟ್ಟು, ಯುಡಿಪಿಗೂ ಪೋರ್ಟ್ ಸೇರಿಸು ಅಂತ ಹೇಳಿದೆ. ಪ್ರತಿ ಕರೆಗೂ ಪೋರ್ಟ್ ಬೇರೆ ಅಲ್ವಾ, ಪ್ಯಾಕೆಟ್‌ಗಳು ಎಂಟೂ ಸಾಲಿಗೆ ಹರಡಿಕೊಂಡವು. ಜೊತೆಗೆ ಅವರ ಫೈರ್‌ವಾಲ್‌ನಲ್ಲಿ ವರ್ಷಗಟ್ಟಲೆ ಸೇರಿಸುತ್ತಾ ಬಂದ ನಿಯಮಗಳ ಉದ್ದ ಪಟ್ಟಿ ಇತ್ತು. ಮಾತಿನ ಪ್ರತಿ ಪ್ಯಾಕೆಟ್ಟೂ ಆ ಪಟ್ಟಿಯನ್ನು ತಲೆಯಿಂದ ಬುಡದವರೆಗೆ ದಾಟಿ ಬರುತ್ತಿತ್ತು. ಆರ್‌ಟಿಪಿ ಪೋರ್ಟ್‌ಗಳ ನಿಯಮವನ್ನು ಎತ್ತಿ ಮೊದಲಿಗೆ ಹಾಕಿದೆವು. ಕರಕರ ನಿಂತಿತು. ಹೊಸ ಮಷೀನು ತಂದವರ ಮುಖ ನಾನು ನೋಡಲಿಲ್ಲ, ನೋಡಬಾರದು ಅನ್ನಿಸಿತು.

ವರ್ಚುವಲ್ ಮಷೀನಿನಲ್ಲಿ, ಅಂದರೆ ಒಂದೇ ಮಷೀನನ್ನು ಹಂಚಿಕೊಂಡು ಓಡುವ ಹಲವು ಮಷೀನುಗಳಲ್ಲಿ ಒಂದರಲ್ಲಿ, ಫೋನ್ ಸರ್ವರ್ ಇಟ್ಟುಕೊಂಡವರಿಗೆ ಇಲ್ಲೇ ಒಂದು ಮಾತು. ಸಿಪಿಯು ಬಳಕೆ ತೋರಿಸುವ ಟಾಪ್‌ನಲ್ಲಿ ‘ಸ್ಟೀಲ್’ ಅನ್ನುವ ಅಂಕಿ ಇರುತ್ತದೆ. ನಿಮ್ಮ ಮಷೀನು ಓಡಬೇಕು ಅಂತ ಇದ್ದಾಗ ಕೆಳಗಿನ ಮಷೀನು ಬೇರೆಯವರಿಗೆ ಕೋರ್ ಕೊಟ್ಟ ಹೊತ್ತು ಅದು. ವೆಬ್‌ಸೈಟ್‌ಗೆ ಅದು ಶೇಕಡಾ 5 ಇದ್ದರೆ ನಡೆಯುತ್ತದೆ. ಫೋನ್‌ಗೆ ಆ 5 ಹೇಗೆ ಹಂಚಿಕೊಂಡಿದೆ ಅನ್ನುವುದು ಮುಖ್ಯ. ಒಂದೇ ಸಲ 50 ಮಿಲಿಸೆಕೆಂಡು ಕಿತ್ತುಕೊಂಡರೆ ಎಲ್ಲ ಕರೆಯಲ್ಲೂ ಒಟ್ಟಿಗೆ ಒಂದು ತೂತು.

ಇದುವರೆಗೆ ಹೇಳಿದ್ದು 20 ಮಿಲಿಸೆಕೆಂಡಿನ ಗಡಿಯಾರ. ಸರ್ವರ್ ಒಳಗೆ ಇನ್ನೊಂದು ಗಡಿಯಾರ ಇದೆ. ಅದು ಅರ್ಧ ಸೆಕೆಂಡಿನದು. ಕರೆ ಹಚ್ಚುವ, ರಿಂಗ್ ಮಾಡಿಸುವ, ಇಡುವ ಮಾತುಕತೆಯೆಲ್ಲ ಸಿಪ್ ಅನ್ನುವ ನಿಯಮಾವಳಿಯಲ್ಲಿ ನಡೆಯುತ್ತದೆ. 2002ರಲ್ಲಿ ಬಂದ ಆರ್‌ಎಫ್‌ಸಿ 3261 ಅದರ ಮೂಲ ದಾಖಲೆ. ಅದರಲ್ಲಿ ಟಿ1 ಅಂತ ಒಂದು ಟೈಮರ್ ಇದೆ, 500 ಮಿಲಿಸೆಕೆಂಡು. ಯುಡಿಪಿಯಲ್ಲಿ ಕಳಿಸಿದ ಇನ್ವೈಟ್‌ಗೆ (‘ಕರೆ ಮಾಡ್ತಾ ಇದೀನಿ’ ಅನ್ನುವ ಸಂದೇಶ) ಅರ್ಧ ಸೆಕೆಂಡಿನಲ್ಲಿ ಏನೂ ಉತ್ತರ ಬರದಿದ್ದರೆ, ಕಳಿಸಿದವರು ಅದನ್ನೇ ಮತ್ತೆ ಕಳಿಸುತ್ತಾರೆ. ಆಮೇಲೆ 1 ಸೆಕೆಂಡು ಬಿಟ್ಟು, 2 ಬಿಟ್ಟು, 4, 8, 16. 32ನೇ ಸೆಕೆಂಡಿಗೆ ಕೈಬಿಡುವಷ್ಟರಲ್ಲಿ ಒಂದೇ ಇನ್ವೈಟ್ 7 ಸಲ ಬಂದಿರುತ್ತದೆ.

ಇದರ ಪರಿಣಾಮ ಏನು ನೋಡಿ. ಸೆಕೆಂಡಿಗೆ 40 ಹೊಸ ಕರೆ ಬರುತ್ತಿವೆ. ಸರ್ವರ್ 400 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತಿದೆ. ನಿಧಾನವೇ, ಆದರೆ ಯಾರಿಗೂ ಗೊತ್ತಾಗುತ್ತಿಲ್ಲ. ಏನೋ ಕಾರಣಕ್ಕೆ ಅದು 600 ಆಯಿತು. ಈಗ ಪ್ರತಿ ಇನ್ವೈಟೂ ಎರಡು ಸಲ ಬರುತ್ತದೆ. 40 ಇದ್ದದ್ದು 80 ಆಯಿತು. 80 ಆದ್ದರಿಂದ ಉತ್ತರ ಇನ್ನೂ ತಡ. ತಡವಾದ್ದರಿಂದ ಮೂರನೇ ಸಲ. ಹೊರಗಿನ ಲೋಡ್ ಒಂದಿಷ್ಟೂ ಹೆಚ್ಚಿಲ್ಲ, ಸರ್ವರ್ ತನ್ನ ಮೈಮೇಲೆ ತಾನೇ ಎಳೆದುಕೊಂಡದ್ದು. ಫೋನ್ ಸರ್ವರ್ ನಿಧಾನವಾಗಿ ಕೆಡುವುದಿಲ್ಲ, ಇದ್ದಕ್ಕಿದ್ದಂತೆ ಕುಸಿಯುತ್ತದೆ ಅಂತ ಆಪರೇಷನ್ಸ್‌ನವರು ಹೇಳುವುದು ಈ ಕಾರಣಕ್ಕೆ.

ಮದ್ದು ಸಿಪ್‌ನಲ್ಲೇ ಇದೆ. ‘100 ಟ್ರೈಯಿಂಗ್’ ಅನ್ನುವ ಪುಟ್ಟ ಉತ್ತರ. ‘ಬಂತು, ನೋಡ್ತಾ ಇದೀನಿ’ ಅಂತ ಅದರ ಅರ್ಥ. ಅದು ಸಿಕ್ಕಿದ ಕೂಡಲೇ ಕಳಿಸುವವರು ಮತ್ತೆ ಕಳಿಸುವುದನ್ನು ನಿಲ್ಲಿಸುತ್ತಾರೆ. ಹಾಗಾಗಿ ಡೇಟಾಬೇಸ್ ಕೇಳುವ ಮೊದಲು, ಬ್ಯಾಲೆನ್ಸ್ ನೋಡುವ ಮೊದಲು, ಯಾವ ದಾರಿಗೆ ಕಳಿಸಬೇಕು ಅಂತ ಯೋಚಿಸುವ ಮೊದಲು ಅದನ್ನು ಕಳಿಸಿಬಿಡಿ. ನಾನು ನೋಡಿದ ಎಷ್ಟೋ ಕಮೈಲಿಯೊ (ಸಿಪ್ ಸಂದೇಶಗಳನ್ನು ದಾರಿ ಹತ್ತಿಸುವ ಸಾಫ್ಟ್‌ವೇರ್) ಸ್ಕ್ರಿಪ್ಟ್‌ಗಳಲ್ಲಿ ಮೊದಲು ಡೇಟಾಬೇಸಿಗೆ ನಾಲ್ಕು ಕ್ವೆರಿ, ಆಮೇಲೆ ಉತ್ತರ. ಬರೆದವರು ಬುದ್ಧಿವಂತರೇ. ಒಂದೇ ಕರೆ ಮಾಡಿ ಪರೀಕ್ಷೆ ಮಾಡಿದ್ದರು, ಅಷ್ಟೇ.

ಸರ್ವರ್‌ಗೆ ಬಂದ ಸಂದೇಶ ಕಾಯುವ ಜಾಗ, ಅಂದರೆ ಬಫರ್, ದೊಡ್ಡದು ಮಾಡಿದರೆ ಎಲ್ಲ ಸರಿಹೋಗುತ್ತೆ ಅನ್ನುವ ನಂಬಿಕೆ ಒಂದಿದೆ. ಅರ್ಧ ಮಾತ್ರ ಒಪ್ಪುತ್ತೇನೆ. 1000 ಕರೆಯ ಮಾತಿಗೆ ಸಾವಿರಾರು ಸಾಕೆಟ್ (ಪ್ರೋಗ್ರಾಂ ನೆಟ್‌ವರ್ಕ್‌ಗೆ ತೆರೆದಿಡುವ ಕಿಂಡಿ) ಇರುತ್ತವೆ, ಒಂದೊಂದಕ್ಕೂ ಅದರದೇ ಬಫರ್. ಆದರೆ ಎಲ್ಲ ಕರೆಗಳ ಸಿಗ್ನಲಿಂಗೂ (ಸಿಪ್ ಸಂದೇಶಗಳು) ಬರುವುದು ಸಾಮಾನ್ಯವಾಗಿ ಒಂದೇ ಬಾಗಿಲಿಗೆ, ಪೋರ್ಟ್ 5060ಕ್ಕೆ. ಲಿನಕ್ಸ್‌ನಲ್ಲಿ ಸಾಕೆಟ್ಟಿನ ಬಫರ್ ಮಿತಿ ಹೊಸದರಲ್ಲಿ 212992 ಬೈಟ್ ಇರುತ್ತದೆ. ಒಂದು ಸಣ್ಣ ನೂಕುನುಗ್ಗಲಿಗೂ ಅದು ತುಂಬಿಹೋಗುತ್ತದೆ. ನೆಟ್‌ಸ್ಟ್ಯಾಟ್‌ನಲ್ಲಿ ಯುಡಿಪಿಯ ‘ರಿಸೀವ್ ಬಫರ್ ಎರರ್’ ಅಂಕಿ ಏರುತ್ತಿದ್ದರೆ ಅದೇ. ಅದನ್ನು ಹೆಚ್ಚಿಸಿ, ಬೇಡ ಅನ್ನುವುದಿಲ್ಲ. ಆದರೆ ಬೇಕಾಬಿಟ್ಟಿ ಹೆಚ್ಚಿಸಬೇಡಿ. ಸಾಲಿನಲ್ಲಿ 10,000 ಸಂದೇಶ ನಿಂತಿವೆ, ಸರ್ವರ್ ಸೆಕೆಂಡಿಗೆ 2000 ಮುಗಿಸುತ್ತದೆ ಅನ್ನಿ. ಕೊನೆಗೆ ನಿಂತದ್ದು ಕೈಗೆ ಸಿಗುವಾಗ ಅದಕ್ಕೆ 5 ಸೆಕೆಂಡು ವಯಸ್ಸಾಗಿರುತ್ತದೆ. ಅಷ್ಟರಲ್ಲಿ ಅದರ ನಕಲುಗಳು ಮೂರು ಹಿಂದೆ ಬಂದು ನಿಂತಿರುತ್ತವೆ. ಕರೆ ಮಾಡಿದವನು ಬೇಸತ್ತು ಫೋನ್ ಇಟ್ಟೂ ಇರಬಹುದು. ಸತ್ತ ಕರೆಗೆ ಸರ್ವರ್ ಉಪಚಾರ ಮಾಡುತ್ತಿರುತ್ತದೆ. ಒಂದು ಸೆಕೆಂಡಿನ ನೂಕುನುಗ್ಗಲು ತಡೆಯುವಷ್ಟು ಬಫರ್ ಇಡಿ ಅನ್ನುವುದು ನನ್ನ ಲೆಕ್ಕ. ಅದಕ್ಕಿಂತ ಜಾಸ್ತಿ ಇಟ್ಟರೆ ತೊಂದರೆಯನ್ನು ಅಟ್ಟಕ್ಕೆ ಹಾಕಿದ ಹಾಗೆ.

ಹಾಗಾದರೆ ಆ 400 ಮಿಲಿಸೆಕೆಂಡು 600 ಆಗುವುದು ಯಾಕೆ? ನನ್ನ ಅನುಭವದಲ್ಲಿ ಸಿಪಿಯು ಸಾಲದೆ ಆದದ್ದು ಕಡಿಮೆ. ಏನನ್ನೋ ಕಾಯುತ್ತಾ ನಿಂತದ್ದೇ ಹೆಚ್ಚು.

ಇನ್ನೊಂದು ಕಡೆಯ ಕಥೆ. ಹಳೇ ಆಸ್ಟರಿಸ್ಕ್, ಅದೊಂದು ಫೋನ್ ಸರ್ವರ್ ಸಾಫ್ಟ್‌ವೇರ್. ನಡೆಯುತ್ತಿರುವ ಕರೆಗಳು ಚೆನ್ನಾಗಿರುತ್ತವೆ, ಹೊಸ ಕರೆ ಮಾತ್ರ ಆಗಾಗ ಹೋಗುವುದೇ ಇಲ್ಲ. ಆಮೇಲೆ ಒಟ್ಟಿಗೆ ಎಲ್ಲ ಹೋಗುತ್ತವೆ. ಲಾಗ್ ತೆರೆದು ಸಮಯ ನೋಡುತ್ತಾ ಹೋದೆ. ಒಂದು ಸಾಲಿಗೂ ಮುಂದಿನದಕ್ಕೂ ನಡುವೆ 5 ಸೆಕೆಂಡು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ 5. ಒಂದು ಸಲ 10. ನಾಲ್ಕೂವರೆ ಅಲ್ಲ, ಐದೂಕಾಲು ಅಲ್ಲ. ಲಿನಕ್ಸ್ ಸರ್ವರ್‌ನಲ್ಲಿ ಸರಿಯಾಗಿ 5 ಸೆಕೆಂಡಿನ ಮೌನ ಕಂಡರೆ ನಾನು ಮೊದಲು ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೇಲೆ ಅನುಮಾನ ಪಡುತ್ತೇನೆ. ಹೆಸರು ಕೇಳಿ ಉತ್ತರಕ್ಕೆ ಕಾಯುವ ಅವಧಿ ಅಲ್ಲಿ ಹೊಸದರಿಂದಲೇ 5 ಸೆಕೆಂಡು. ಅವರ ಮಷೀನಿನಲ್ಲಿ ಮೊದಲು ಬರೆದಿದ್ದ ಡಿಎನ್‌ಎಸ್ ವಿಳಾಸ ಯಾವತ್ತೋ ಸತ್ತುಹೋಗಿತ್ತು. ಹೊರಗಿನ ಕರೆ ಸಾಗಿಸುವ ಕ್ಯಾರಿಯರ್ ಕಂಪನಿಯ ವಿಳಾಸವನ್ನು ಐಪಿ ಬದಲು ಹೆಸರಿನಲ್ಲಿ ಕೊಟ್ಟಿದ್ದರು. ಹಳೇ ಆಸ್ಟರಿಸ್ಕ್‌ನ ಸಿಪ್ ಭಾಗ ಬಂದ ಸಂದೇಶಗಳನ್ನೆಲ್ಲ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದಾದ ಮೇಲೆ ಒಂದರಂತೆ, ನೋಡುತ್ತದೆ. ಅದು ಹೆಸರು ಕೇಳುತ್ತಾ ನಿಂತರೆ ಇಡೀ ಬಾಗಿಲೇ ಬಂದ್. 2013ರ ಆವೃತ್ತಿ 12ರಲ್ಲಿ ಪಿಜೆಸಿಪ್ ಅನ್ನುವ ಹೊಸ ಸಿಪ್ ಭಾಗ ಬಂದು ಈ ಗೋಳು ತಪ್ಪಿತು. ಹಳೆಯ ಭಾಗವನ್ನು 2023ರ ಆವೃತ್ತಿ 21ರಲ್ಲಿ ತೆಗೆದೇ ಹಾಕಿದರು. ಆದರೂ ಅದನ್ನೇ ಓಡಿಸುತ್ತಿರುವವರು ಈ ಸಭೆಯಲ್ಲೂ ಇದ್ದೀರಿ. ಕೈ ಎತ್ತಬೇಡಿ, ಪರವಾಗಿಲ್ಲ.

ಡೇಟಾಬೇಸ್ ಕಥೆಯೂ ಇದೇ. ಕರೆ ಮುಗಿದಾಗ ಬಿಲ್ಲಿನ ದಾಖಲೆ ಬರೆಯಬೇಕು. ಬರೆದು ಮುಗಿಯುವ ತನಕ ಆ ಥ್ರೆಡ್ ಕಾಯುತ್ತದೆ. ಅದೇ ಡೇಟಾಬೇಸ್ ಮೇಲೆ ಯಾರೋ ಕೂತು ತಿಂಗಳ ರಿಪೋರ್ಟ್ ತೆಗೆದರೆ ಫೋನ್ ತೊದಲುತ್ತದೆ. ದಾಖಲೆಗಳನ್ನು ಕಂತೆ ಕಟ್ಟಿ ಒಟ್ಟಿಗೆ ಬರೆಯುವ ಸೌಲಭ್ಯ ಆಸ್ಟರಿಸ್ಕ್‌ನಲ್ಲಿದೆ. ಇಲ್ಲವೇ ಫೈಲಿಗೆ ಬರೆದು, ಇನ್ನೊಂದು ಪ್ರೋಗ್ರಾಂ ನಿಧಾನವಾಗಿ ಡೇಟಾಬೇಸಿಗೆ ಸೇರಿಸಲಿ. ಮಷೀನು ಮಧ್ಯದಲ್ಲಿ ಬಿದ್ದರೆ ಕಂತೆಯಲ್ಲಿದ್ದದ್ದು ಹೋಗುತ್ತದೆ, ಅದು ಗೊತ್ತಿರಲಿ.

ರೆಕಾರ್ಡಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. 8000 ಹರ್ಟ್ಸ್, 16 ಬಿಟ್‌ನ ವೇವ್ ಫೈಲ್ ಅಂದರೆ ಸೆಕೆಂಡಿಗೆ 16,000 ಬೈಟ್. 500 ಕರೆಗೆ 8 ಮೆಗಾಬೈಟ್. ಹಳೇ ಡಿಸ್ಕೂ ಇದನ್ನು ಹೊರುತ್ತದೆ, ಒಂದೇ ಫೈಲ್ ಆಗಿದ್ದರೆ. ಇದು 500 ಫೈಲ್. ತಿರುಗುವ ಡಿಸ್ಕ್‌ನ ಮುಳ್ಳು ಒಂದು ಚೂರು ಇಲ್ಲಿ, ಒಂದು ಚೂರು ಅಲ್ಲಿ ಅಂತ ಓಡಾಡಿ ಸುಸ್ತಾಗುತ್ತದೆ. ಮೊದಲು ಮೆಮೊರಿಯಲ್ಲಿ ಬರೆದುಕೊಂಡು, ಕರೆ ಮುಗಿದ ಮೇಲೆ ಇಡೀ ಫೈಲನ್ನು ಡಿಸ್ಕಿಗೆ ಸಾಗಿಸುವುದು ಹಳೆಯ, ಒಳ್ಳೆಯ ಉಪಾಯ. ಎಂಪಿ3 ಮಾಡುವುದೇನಿದ್ದರೂ ರಾತ್ರಿ ಮಾಡಿ, ಬೇರೆ ಮಷೀನಿನಲ್ಲಿ ಮಾಡಿ.

ಲಾಗ್ ಬಗ್ಗೆ ಹೇಳಿದರೆ ನಗುತ್ತೀರಿ. ತೊಂದರೆ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಏನು? ಡಿಬಗ್ ಆನ್ ಮಾಡುವುದು. ಮೊದಲೇ ಏದುಸಿರು ಬಿಡುತ್ತಿರುವವನಿಗೆ ‘ಏನಾಯ್ತು, ವಿವರವಾಗಿ ಹೇಳು’ ಅಂದ ಹಾಗೆ. ನಾನೂ ಒಂದು ಸಲ ಹಾಗೆ ಮಾಡಿ, ತೊದಲುತ್ತಿದ್ದ ಸರ್ವರನ್ನು ಪೂರ್ತಿ ಮಲಗಿಸಿದ್ದೇನೆ. ಆ ದಿನ ಕಾರಣ ಏನು ಅಂತ ಕೇಳಿದವರಿಗೆ ‘ನೋಡ್ತಾ ಇದೀವಿ’ ಅಂದೆ. ಸುಳ್ಳೇನಲ್ಲ, ನೋಡಿದ್ದೇ ಕಾರಣ! ಪ್ಯಾಕೆಟ್ ಹಿಡಿಯುವುದಾದರೆ 5060ದ್ದು ಮಾತ್ರ ಹಿಡಿಯಿರಿ, ಮಾತಿನ ಪ್ಯಾಕೆಟ್ ಬಿಟ್ಟುಬಿಡಿ.

ಇನ್ನು ಕೆಲವು ಗೋಡೆಗಳಿವೆ. ನಿಧಾನವಾಗುವ ಮಾತಿಲ್ಲ, ತಲೆ ಬಡಿದಾಗಲೇ ಗೊತ್ತಾಗುವುದು. ಒಂದು ಪ್ರೋಗ್ರಾಂ ಎಷ್ಟು ಫೈಲ್ ತೆರೆಯಬಹುದು ಅನ್ನುವ ಮಿತಿ ಲಿನಕ್ಸ್‌ನಲ್ಲಿ ಹಲವು ಕಡೆ 1024. ಸಾಕೆಟ್ ಕೂಡ ಫೈಲ್ ಲೆಕ್ಕವೇ. ಎರಡು ಕಡೆಯ ಕರೆಗೆ ಮಾತಿಗೆ ಎರಡು, ಅದರ ಜೊತೆ ಗುಣಮಟ್ಟದ ವರದಿ ಒಯ್ಯುವ ಆರ್‌ಟಿಸಿಪಿಗೆ ಎರಡು, ಒಟ್ಟು ನಾಲ್ಕು ಸಾಕೆಟ್. ಒಳಗಿನ ಟೈಮರ್ ಮುಂತಾದವು ಬೇರೆ. 200 ಕರೆ ದಾಟುವ ಹೊತ್ತಿಗೇ ‘ಟೂ ಮೆನಿ ಓಪನ್ ಫೈಲ್ಸ್’ ಅಂತ ಕೂಗು. ಯುಲಿಮಿಟ್ ಅನ್ನುವ ಈ ಮಿತಿ ಏರಿಸಿ, ಆಯಿತು. ಆಮೇಲೆ ಪೋರ್ಟ್. ಆಸ್ಟರಿಸ್ಕ್‌ನ ಮಾದರಿ ಫೈಲಿನಲ್ಲಿ ಆರ್‌ಟಿಪಿಗೆ 10000ದಿಂದ 20000ದವರೆಗೆ ಬಿಟ್ಟಿರುತ್ತಾರೆ. ಕರೆಗೆ ನಾಲ್ಕರಂತೆ 2500 ಕರೆಗೆ ಮುಗಿಯಿತು. ಮೂರನೆಯದು ಕಾನ್‌ಟ್ರ್ಯಾಕ್. ಫೈರ್‌ವಾಲ್ ಪ್ರತಿ ಹರಿವನ್ನೂ ಒಂದು ಕೋಷ್ಟಕದಲ್ಲಿ ಬರೆದಿಡುತ್ತದೆ, ಕರೆ ಮುಗಿದ ಮೇಲೂ ಒಂದೆರಡು ನಿಮಿಷ ಅಳಿಸುವುದಿಲ್ಲ. ಕೋಷ್ಟಕ ತುಂಬಿದರೆ ಹೊಸ ಪ್ಯಾಕೆಟ್ ಬಿಸಾಡುತ್ತದೆ. ಫೋನ್ ಸಾಫ್ಟ್‌ವೇರ್‌ನ ಲಾಗ್‌ನಲ್ಲಿ ಇದರ ಸುಳಿವೇ ಇರುವುದಿಲ್ಲ, ಕರ್ನಲ್‌ನ ಸಂದೇಶಗಳಲ್ಲಿ ಮಾತ್ರ ‘ಟೇಬಲ್ ಫುಲ್’ ಅಂತ ಇರುತ್ತದೆ. ಆರ್‌ಟಿಪಿ ಪೋರ್ಟ್‌ಗಳನ್ನು ಈ ದಾಖಲೆಯಿಂದಲೇ ಹೊರಗಿಡುವುದು ವಾಸಿ.

ಸ್ವಲ್ಪ ಹಿಂದೆ ಹೋಗಿ ಒಂದು ಮಾತು ಸೇರಿಸಬೇಕು. ‘ಭಾರೀ ಲೋಡ್’ ಅನ್ನುತ್ತೇವಲ್ಲ, ಯಾವ ಲೋಡ್? ಒಂದು ಸರ್ವರ್‌ನಲ್ಲಿ 1000 ಕರೆ, ಒಂದೊಂದೂ 10 ನಿಮಿಷ. ಅಲ್ಲಿ ಎರಡು ಸೆಕೆಂಡಿಗೆ ಮೂರೋ ನಾಲ್ಕೋ ಹೊಸ ಕರೆ ಬರುತ್ತವೆ ಅಷ್ಟೇ. ಇನ್ನೊಂದರಲ್ಲೂ 1000 ಕರೆ, ಆದರೆ ಒಂದೊಂದೂ 20 ಸೆಕೆಂಡು. ಅಲ್ಲಿ ಪ್ರತಿ ಸೆಕೆಂಡಿಗೂ 50 ಹೊಸ ಕರೆ. ಮೊದಲನೆಯದಕ್ಕೆ 20 ಮಿಲಿಸೆಕೆಂಡಿನ ಗಡಿಯಾರದ್ದೇ ಚಿಂತೆ, ಎರಡನೆಯದಕ್ಕೆ ಅರ್ಧ ಸೆಕೆಂಡಿನದ್ದೂ ಸೇರಿಕೊಂಡಿತು. ಒಂದರಲ್ಲಿ ಕಲಿತ ಸೆಟ್ಟಿಂಗನ್ನು ಇನ್ನೊಂದಕ್ಕೆ ಅಂಟಿಸಬೇಡಿ. ಬರುವ ವೇಗಕ್ಕೆ ಕರೆಯ ಸರಾಸರಿ ಉದ್ದವನ್ನು ಗುಣಿಸಿದರೆ ಒಟ್ಟಿಗೆ ನಡೆಯುವ ಕರೆ ಎಷ್ಟು ಅಂತ ಸಿಗುತ್ತದೆ. ಇದರ ಮೇಲೇ ಡೆನ್ಮಾರ್ಕ್‌ನ ಎರ್ಲಾಂಗ್ 1917ರಲ್ಲಿ, ಎಷ್ಟು ಲೈನ್ ಇಟ್ಟರೆ ಎಷ್ಟು ಜನಕ್ಕೆ ಲೈನ್ ಸಿಗದೇ ಹೋಗುತ್ತದೆ ಅಂತ ಸೂತ್ರ ಕೊಟ್ಟ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವನು. ಶತಮಾನ ದಾಟಿದ ಮೇಲೂ ಆ ಸೂತ್ರ ಇಟ್ಟುಕೊಂಡೇ ಲೈನ್ ಲೆಕ್ಕ ಹಾಕುತ್ತೇವೆ.

ರಿಜಿಸ್ಟ್ರೇಷನ್‌ನದು ಮತ್ತೊಂದು ಥರದ ಲೋಡ್. 20,000 ಫೋನು ಗಂಟೆಗೊಮ್ಮೆ ‘ನಾನಿಲ್ಲಿದೀನಿ’ ಅಂದರೆ ಸೆಕೆಂಡಿಗೆ ಐದಾರು. ಪಾಸ್‌ವರ್ಡ್ ಕೇಳಿ ಮತ್ತೆ ಬರುವುದರಿಂದ ಅದರ ಎರಡರಷ್ಟು. ಏನೂ ಅಲ್ಲ. ನ್ಯಾಟ್ (ಒಳಗಿನ ಹಲವು ಫೋನುಗಳನ್ನು ಹೊರಗೆ ಒಂದೇ ವಿಳಾಸದಲ್ಲಿ ತೋರಿಸುವ ರೂಟರ್ ಏರ್ಪಾಟು) ತೂತು ಮುಚ್ಚದಿರಲಿ ಅಂತ ಅದನ್ನೇ ನಿಮಿಷಕ್ಕೊಮ್ಮೆ ಮಾಡಿದರೆ ಸೆಕೆಂಡಿಗೆ 660 ದಾಟುತ್ತದೆ. ಇನ್ನು ಕರೆಂಟು ಹೋಗಿ ಬಂತು ಅನ್ನಿ. ಎಲ್ಲ ಫೋನೂ ಒಟ್ಟಿಗೆ ಎದ್ದು ಒಟ್ಟಿಗೆ ಬಾಗಿಲು ಬಡಿಯುತ್ತವೆ. ಹೇಗೋ ತಡೆದುಕೊಂಡರೂ, ಒಟ್ಟಿಗೆ ಬಂದವು ಮತ್ತೆ ಒಟ್ಟಿಗೇ ವಾಯಿದೆ ಮುಗಿಸಿ ವಾಪಸ್ ಬರುತ್ತವೆ. ಸರ್ವರ್ ಕೊಡುವ ವಾಯಿದೆಯನ್ನು ಒಂದೊಂದು ಫೋನಿಗೆ ಒಂದೊಂದು ಥರ, ಸ್ವಲ್ಪ ಹಿಂದೆ ಮುಂದೆ ಮಾಡಿ ಕೊಡಿ. ತಾನಾಗೇ ಚದುರಿಕೊಳ್ಳುತ್ತವೆ.

ಸರಿ, ಇಷ್ಟೆಲ್ಲ ಟ್ಯೂನಿಂಗ್ ಮಾಡುವುದಕ್ಕಿಂತ ಸರ್ವರ್ ಕೆಲಸವನ್ನೇ ಕಡಿಮೆ ಮಾಡಬಹುದಲ್ಲ? ಮಾಡಬಹುದು. ಎರಡೂ ಕಡೆ ಒಂದೇ ಕೊಡೆಕ್ ಇರುವಂತೆ ನೋಡಿಕೊಂಡರೆ ಸರ್ವರ್ ಪ್ಯಾಕೆಟ್ಟನ್ನು ಬಿಚ್ಚದೆ ದಾಟಿಸುತ್ತದೆ. ಒಂದು ಕಡೆ ಜಿ.711, ಇನ್ನೊಂದು ಕಡೆ ಜಿ.729 ಅಥವಾ ಓಪಸ್ ಆದರೆ ಪ್ರತಿ 20 ಮಿಲಿಸೆಕೆಂಡಿಗೂ ಬಿಚ್ಚಿ ಮತ್ತೆ ಕಟ್ಟಬೇಕು. ಸಿಪಿಯು ನಿಜವಾಗಿ ಸಾಲದೇ ಹೋಗುವುದು ಇಲ್ಲಿ. ಇನ್ನೂ ಮುಂದೆ ಹೋಗಿ, ಎರಡು ಫೋನು ನೇರವಾಗಿ ಮಾತನಾಡಲಿ, ಸರ್ವರ್ ನಡುವೆ ಬರುವುದೇ ಬೇಡ ಅಂತಲೂ ಮಾಡಬಹುದು. ನ್ಯಾಟ್ ಇದ್ದರೆ, ರೆಕಾರ್ಡಿಂಗ್ ಬೇಕಿದ್ದರೆ ಅದು ಆಗುವುದಿಲ್ಲ. ಆಗ ಆರ್‌ಟಿಪಿಎಂಜಿನ್ ಥರದ್ದು ಇದೆ. ಮಾತಿನ ಪ್ಯಾಕೆಟ್ಟನ್ನು ಕರ್ನಲ್ ಒಳಗೇ ತಿರುಗಿಸಿ ಹೊರಗೆ ಕಳಿಸುತ್ತದೆ, ಮೇಲಿನ ಪ್ರೋಗ್ರಾಂವರೆಗೆ ತರುವುದೇ ಇಲ್ಲ.

ಪರೀಕ್ಷೆಗೆ ಸುಳ್ಳು ಕರೆಗಳನ್ನು ಹುಟ್ಟಿಸುವ ಸಿಪ್‌ಪಿ ಇದೆ. ಬಹಳ ಜನ ಅದನ್ನು ಮಾತಿಲ್ಲದ ಕರೆ ಮಾಡಲು ಬಳಸಿ, ‘3000 ಕರೆ ತಡೆಯಿತು’ ಅನ್ನುತ್ತಾರೆ. ಮಾತಿಲ್ಲದ 3000 ಕರೆ ಯಾರಿಗೆ ಬೇಕು? ಆರ್‌ಟಿಪಿಯನ್ನೂ ಹರಿಸಿ. ಕೆಲವು ಕರೆ ರಿಂಗ್ ಆಗುವಾಗಲೇ ಕಟ್ ಆಗಲಿ, ನಿಜವಾಗಿ ಜನ ಹಾಗೇ ಮಾಡುವುದು. 3 ನಿಮಿಷದ ಕರೆ ಆದರೆ ಲೋಡ್ ಪೂರ್ತಿ ತುಂಬಲಿಕ್ಕೇ 3 ನಿಮಿಷ ಬೇಕು, ಅದಕ್ಕೆ ಮುಂಚೆ ಅಂಕಿ ಬರೆದುಕೊಳ್ಳಬೇಡಿ. ಮತ್ತೆ, ಆ ಸಾವಿರ ಕರೆಯ ನಡುವೆ ನೀವೇ ಒಂದು ಫೋನ್ ಹಿಡಿದು ಕೇಳಿ. ಸರ್ವರ್ ಬೀಳುವ ಅಂಕಿ ಒಂದು, ನಿಮ್ಮ ಕಿವಿ ಬೇಡ ಅನ್ನುವ ಅಂಕಿ ಇನ್ನೊಂದು. ಎರಡನೆಯದು ಯಾವಾಗಲೂ ಚಿಕ್ಕದು. ನನಗೆ ಅದೇ ಬೇಕು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ಕೊನೆಗೆ ಮಿತಿ ಎಷ್ಟು ಇಡಬೇಕು ಅಂತ. ಮೊದಲು ಹೇಳಿದ ಕಂಪನಿಗೇ ಹೋಗೋಣ. ಪರೀಕ್ಷೆಯಲ್ಲಿ ನನ್ನ ಕಿವಿ ಒಪ್ಪಿದ್ದು 1400 ಕರೆ. ಒಂದು ಮಷೀನಿಗೆ 1200ರ ಮಿತಿ ಹಾಕಿದೆ, ಸೆಕೆಂಡಿಗೆ 30 ಹೊಸ ಕರೆ. ಫ್ರೀಸ್ವಿಚ್ ಅನ್ನುವ ಇನ್ನೊಂದು ಫೋನ್ ಸಾಫ್ಟ್‌ವೇರ್ ಆದರೆ ಈ ಎರಡು ಮಿತಿ ಹೊಸದರಲ್ಲೇ ಇರುತ್ತವೆ, 1000 ಸೆಷನ್ ಮತ್ತು ಸೆಕೆಂಡಿಗೆ 30. ಆದರೆ ಅದರ ಸೆಷನ್ ಅಂದರೆ ಕರೆಯ ಒಂದು ಕಡೆ, ಹಾಗಾಗಿ 1000 ಅಂದರೆ 500 ಕರೆ. ಮಿತಿ ದಾಟಿ ಬಂದವರಿಗೆ ಬಿಝಿ ಕೇಳಿಸಲಿ. ಒಳಗಿರುವ 1200 ಜನರ ಮಾತು ಒಡೆಯುವುದಕ್ಕಿಂತ ಹೊಸಬ ಒಬ್ಬ ಮತ್ತೆ ಪ್ರಯತ್ನಿಸುವುದು ವಾಸಿ ಅಂತ ನಾನು ನಂಬುತ್ತೇನೆ. ಇದನ್ನು ಒಪ್ಪದ ಮ್ಯಾನೇಜರ್‌ಗಳ ಜೊತೆ ಜಗಳವನ್ನೂ ಆಡಿದ್ದೇನೆ.

ಅವರಿಗೆ ಇನ್ನೊಂದು ಅಂಥದ್ದೇ ಮಷೀನು ತರಿಸಿ, ಎರಡೂ ಸೇರಿ 1100 ಕರೆ ಮಾತ್ರ ಹಾಕಿ ಅಂದೆ. “ಎರಡು ತಗೊಂಡು ಒಂದರಷ್ಟೇ ಕೆಲಸ ಮಾಡಿಸ್ತೀರಾ?” ಎಂದು ಕೇಳಿದರು. ಕೆಲವು ತಿಂಗಳಾದ ಮೇಲೆ, ಸೋಮವಾರವೇ, ಬೆಳಗ್ಗೆ 11 ಗಂಟೆಗೆ ಒಂದು ಮಷೀನಿನ ಪವರ್ ಸಪ್ಲೈ ಸುಟ್ಟಿತು. 550 ಕರೆ ಕಟ್. ಆ 550 ಜನರೂ ಕೂಡಲೇ ಮತ್ತೆ ಫೋನ್ ಮಾಡಿದರು. ಉಳಿದ ಮಷೀನು ಸೆಕೆಂಡಿಗೆ 30 ಜನರನ್ನು ಒಳಗೆ ಬಿಟ್ಟುಕೊಂಡು, ಉಳಿದವರಿಗೆ ಬಿಝಿ ಕೇಳಿಸುತ್ತಾ ಹೋಯಿತು. ಅರ್ಧ ನಿಮಿಷದೊಳಗೆ ಬಹುಪಾಲು ಎಲ್ಲರೂ ಒಳಗಿದ್ದರು. ಆ ಹೊತ್ತಿನ ಗ್ರಾಫ್ ನನ್ನ ಹತ್ತಿರ ಇದೆ. ಈ ಸಲ ಸರಾಸರಿಯ ಒಂದು ಗೆರೆ ಅಲ್ಲ, ಎಂಟು ಕೋರ್‌ಗೆ ಎಂಟು ಗೆರೆ. ಎಂಟೂ ಒಟ್ಟಿಗೆ ಏರಿವೆ, ಒಂದೂ ಮೇಲಿನ ಅಂಚು ಮುಟ್ಟಿಲ್ಲ.